ಪ್ರಪಂಚದ ದೊಡ್ಡ ಪರಿಸರ ಯೋಜನೆಗಳಲ್ಲಿ ಹಣ ಮುಗಿದ ಮೇಲೂ ಉಳಿದುಕೊಂಡವು ಯಾವುವು?

ಪ್ರಶ್ನೆ: ದೂರದ ಓದುಗ

ಬೇರೆ ಬೇರೆ ದೇಶಗಳ ಪರಿಸರ ಯೋಜನೆಗಳ ವರದಿಗಳನ್ನು ಓದುತ್ತಾ ಹೋದಂತೆ ನನ್ನಲ್ಲಿ ಒಂದು ಸಂಶಯ ಬಲವಾಗುತ್ತಿದೆ. ಘೋಷಣೆಯ ದಿನ ಎಲ್ಲ ಯೋಜನೆಗಳೂ ಒಂದೇ ಬಗೆಯಾಗಿ ಕಾಣುತ್ತವೆ: ಇಷ್ಟು ಕೋಟಿ ಸಸಿಗಳು, ಇಷ್ಟು ಲಕ್ಷ ಹೆಕ್ಟೇರ್, ಇಷ್ಟು ಮೆಗಾವಾಟ್, ಇಂಥ ವರ್ಷದೊಳಗೆ. ಹತ್ತು ವರ್ಷಗಳಾದ ಮೇಲೆ ಅವೇ ಯೋಜನೆಗಳನ್ನು ಹುಡುಕಿದರೆ ಬೆರಳೆಣಿಕೆಯವು ಮಾತ್ರ ಸುದ್ದಿಯಲ್ಲಿರುತ್ತವೆ. ಉಳಿದವುಗಳ ಗತಿ ಏನಾಯಿತೆಂದು ಹೇಳುವವರು ಸಿಗುವುದಿಲ್ಲ.

ಎರಡು ಉದಾಹರಣೆಗಳನ್ನು ಮುಂದಿಡುತ್ತೇನೆ. ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಸಹೇಲ್ ಪ್ರದೇಶದಲ್ಲಿ ಆಫ್ರಿಕನ್ ಒಕ್ಕೂಟವು 2007ರಲ್ಲಿ ಆರಂಭಿಸಿದ ‘ಮಹಾ ಹಸಿರು ಗೋಡೆ’ ಯೋಜನೆಯು 2030ರ ಹೊತ್ತಿಗೆ 10 ಕೋಟಿ ಹೆಕ್ಟೇರ್ ನೆಲಕ್ಕೆ ಮರುಜೀವ ಕೊಡುವ ಗುರಿ ಇಟ್ಟುಕೊಂಡಿದೆ. 2020ರಲ್ಲಿ ವಿಶ್ವಸಂಸ್ಥೆಯ ವರದಿಯೊಂದು, ಗೋಡೆಗೆಂದು ಗೊತ್ತುಪಡಿಸಿದ ಪಟ್ಟಿಯೊಳಗೆ ಆಗಿರುವ ಕೆಲಸ ಸುಮಾರು 40 ಲಕ್ಷ ಹೆಕ್ಟೇರ್ ಎಂದು ಹೇಳಿತು; ಅದೇ ವರದಿಯಲ್ಲಿ ಸುತ್ತಲಿನ ಪ್ರದೇಶವನ್ನೂ ಸೇರಿಸಿದ ಲೆಕ್ಕ ಅದರ ಹಲವು ಪಟ್ಟು ದೊಡ್ಡದಾಗಿದೆ. ಎರಡನೆಯದು ಟರ್ಕಿಯದು. ಅಲ್ಲಿ 2019ರ ನವೆಂಬರ್ 11ರಂದು ಒಂದೇ ದಿನ 1.1 ಕೋಟಿ ಸಸಿಗಳನ್ನು ನೆಡಲಾಯಿತು. ಮೂರು ತಿಂಗಳು ಕಳೆಯುವಷ್ಟರಲ್ಲಿ ಕೃಷಿ ಮತ್ತು ಅರಣ್ಯ ಕಾರ್ಮಿಕರ ಸಂಘವೊಂದು, ತಾನು ಪರಿಶೀಲಿಸಿದ ಜಾಗಗಳಲ್ಲಿ ಶೇ 90ರವರೆಗೆ ಸಸಿಗಳು ಸತ್ತಿವೆ ಎಂದಿತು. ಸರ್ಕಾರವು ಅದನ್ನು ಅಲ್ಲಗಳೆದು ಶೇ 95ರಷ್ಟು ಸಸಿಗಳು ಆರೋಗ್ಯವಾಗಿವೆ ಎಂದಿತು.

ಇಂಥ ಸ್ಥಿತಿಯಲ್ಲಿ ದೂರದಲ್ಲಿ ಕುಳಿತ ಓದುಗನು ಯಾರ ಮಾತನ್ನು ನಂಬಬೇಕು? ಹೊರಗಿನ ಹಣ ನಿಂತ ಮೇಲೂ ಉಳಿದುಕೊಂಡ ಯೋಜನೆಗಳು ಯಾವುವು, ಅವು ಉಳಿದದ್ದಕ್ಕೆ ಕಾರಣವೇನು? ಭಾವುಕ ಉತ್ತರಗಳಿಗಿಂತ ಹೆಸರು, ಸ್ಥಳ, ಕಾರಣಗಳಿರುವ ಉತ್ತರಗಳನ್ನು ನಿರೀಕ್ಷಿಸುತ್ತೇನೆ.

ಉತ್ತರ: ಒಣನೆಲ

ನಿಮ್ಮ ಮೊದಲ ಉದಾಹರಣೆಯ ನೆರೆಯಲ್ಲೇ ನಿಮ್ಮ ಪ್ರಶ್ನೆಗೆ ಬಹುಪಾಲು ಉತ್ತರವಿದೆ. ಹಸಿರು ಗೋಡೆಯ ಮೂಲ ಕಲ್ಪನೆ ಅಕ್ಷರಶಃ ಗೋಡೆಯದೇ ಆಗಿತ್ತು: ಪಶ್ಚಿಮದ ಡಕಾರ್‌ನಿಂದ ಪೂರ್ವದ ಜಿಬೂಟಿಯವರೆಗೆ ಸುಮಾರು 8,000 ಕಿಲೋಮೀಟರ್ ಉದ್ದ, 15 ಕಿಲೋಮೀಟರ್ ಅಗಲದ ಮರಗಳ ಸಾಲು. ಭೂಪಟದ ಮೇಲೆ ಅದು ಚೆನ್ನಾಗಿಯೇ ಕಾಣುತ್ತದೆ. ಆದರೆ ಆ ಸಾಲು ಹಾದುಹೋಗುವ ಎಷ್ಟೋ ಕಡೆ ಮಳೆ ತೀರಾ ಕಡಿಮೆ, ನೆಲೆನಿಂತ ಜನರೂ ಕಡಿಮೆ, ದನ ಮತ್ತು ಆಡುಗಳನ್ನು ಹೊಡೆದುಕೊಂಡು ಋತುವಿನಿಂದ ಋತುವಿಗೆ ಸಂಚರಿಸುವ ಪಶುಪಾಲಕರದೇ ಓಡಾಟ. ಮೊದಲ ಮೂರು ಬೇಸಿಗೆಗಳಲ್ಲಿ ಸಸಿಗೆ ನೀರು ಕೊಡುವವರು ಯಾರು, ಮೇಯುವ ಬಾಯಿಗಳಿಂದ ಅದನ್ನು ಕಾಯುವವರು ಯಾರು ಎಂಬ ಪ್ರಶ್ನೆಗೆ ಭೂಪಟದಲ್ಲಿ ಉತ್ತರವಿರಲಿಲ್ಲ. ಮುಂದೆ ಯೋಜನೆಯನ್ನು ನಡೆಸುವವರೇ ಗೋಡೆಯ ಕಲ್ಪನೆಯನ್ನು ಕೈಬಿಟ್ಟು, ಹೊಲ, ಹುಲ್ಲುಗಾವಲು, ಕಾಡು ಎಲ್ಲವೂ ಬೆರೆತ ಭೂಬಳಕೆಯ ಸುಧಾರಣೆಯೆಂದು ಅದನ್ನು ಮರುರೂಪಿಸಿದರು. 2021ರ ಜನವರಿಯಲ್ಲಿ ನಡೆದ ಅಂತರರಾಷ್ಟ್ರೀಯ ಸಮಾವೇಶದಲ್ಲಿ ಅದಕ್ಕೆ 1,400 ಕೋಟಿ ಡಾಲರ್‌ಗಿಂತ ಹೆಚ್ಚಿನ ನೆರವಿನ ಭರವಸೆಗಳೂ ಬಂದವು. ಭರವಸೆಯ ಹಣ, ಬಿಡುಗಡೆಯಾದ ಹಣ, ನೆಲಕ್ಕೆ ತಲುಪಿದ ಹಣ ಎಂಬ ಮೂರು ಲೆಕ್ಕಗಳನ್ನು ಬೇರೆ ಬೇರೆಯಾಗಿಯೇ ಓದಬೇಕೆಂದು ಪ್ರಾಸಂಗಿಕವಾಗಿ ಹೇಳಿಬಿಡುತ್ತೇನೆ.

ಈಗ ಅದೇ ಸಹೇಲ್‌ನ ನೈಜರ್ ದೇಶಕ್ಕೆ ಬನ್ನಿ. 1980ರ ದಶಕದ ಆರಂಭದಲ್ಲಿ ಮರಾಡಿ ಪ್ರಾಂತ್ಯದಲ್ಲಿ ಸಸಿ ನೆಡಿಸುತ್ತಿದ್ದ ಆಸ್ಟ್ರೇಲಿಯಾದ ಟೋನಿ ರಿನಾಡೊ, ತಾವು ನೆಡಿಸಿದವುಗಳಲ್ಲಿ ಹೆಚ್ಚಿನವು ಸಾಯುವುದನ್ನು ಕಂಡು ಬೇಸತ್ತಿದ್ದರು. 1983ರಲ್ಲಿ ಅವರ ಗಮನ ಹೊಲಗಳ ನಡುವಿನ ಕುರುಚಲಿನತ್ತ ಹೊರಳಿತು. ಅದು ಕುರುಚಲಾಗಿರಲಿಲ್ಲ, ಹಿಂದೆ ಕಡಿದ ಮರಗಳ ಬೊಡ್ಡೆಗಳಿಂದ ಒಡೆದ ಚಿಗುರುಗಳಾಗಿದ್ದವು. ನೆಲದಡಿಯಲ್ಲಿ ಬೇರು ಜೀವಂತವಾಗಿತ್ತು, ಆದರೆ ಬಿತ್ತನೆಗೆ ಮುನ್ನ ರೈತರು ಪ್ರತಿವರ್ಷ ಚಿಗುರನ್ನು ಸವರಿ ಸುಡುತ್ತಿದ್ದರು. ಬೊಡ್ಡೆಯೊಂದಕ್ಕೆ ಕೆಲವೇ ಕವಲುಗಳನ್ನು ಉಳಿಸಿ, ಮಿಕ್ಕವನ್ನು ಸೌದೆಗೆ ಕತ್ತರಿಸಿದರೆ ಸಾಕು, ಆಗಲೇ ಆಳಕ್ಕಿಳಿದಿರುವ ಬೇರಿನ ಬಲದಿಂದ ಮರ ತಾನೇ ಏಳುತ್ತಿತ್ತು. ಸಸಿಯೂ ಬೇಡ, ನರ್ಸರಿಯೂ ಬೇಡ, ನೀರೂ ಬೇಡ. ನೈಜರ್‌ನ ದಕ್ಷಿಣ ಭಾಗದಲ್ಲಿ ಈ ಪದ್ಧತಿ ಸುಮಾರು 50 ಲಕ್ಷ ಹೆಕ್ಟೇರ್‌ಗೆ ಹಬ್ಬಿತು. ಅದರ ಬಹುಪಾಲು ಒಬ್ಬ ರೈತನನ್ನು ನೋಡಿ ಇನ್ನೊಬ್ಬನು ಕಲಿತದ್ದು.

ಆದರೆ ಈ ಕಥೆಯನ್ನು ಹೇಳುವವರು ಒಂದು ಅಂಶವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ವಸಾಹತು ಕಾಲದಿಂದ ಬಂದ ಅರಣ್ಯ ಕಾನೂನಿನ ಪ್ರಕಾರ ರೈತನ ಹೊಲದೊಳಗಿನ ಮರವೂ ಸರ್ಕಾರದ ಸ್ವತ್ತಾಗಿತ್ತು. ಕೊಂಬೆ ಕಡಿದರೆ ದಂಡ ತೆರಬೇಕಾಗಿತ್ತು. ತನ್ನದಲ್ಲದ, ತನಗೆ ದಂಡ ತರಬಹುದಾದ ಗಿಡವನ್ನು ಮೊಳಕೆಯಲ್ಲೇ ಕಿತ್ತೆಸೆಯುವುದು ರೈತನ ದೃಷ್ಟಿಯಿಂದ ವಿವೇಕದ ನಡೆಯೇ. 1980ರ ದಶಕದ ಕೊನೆಯಿಂದ ಆ ಕಾನೂನಿನ ಜಾರಿ ಸಡಿಲವಾಗಿ, ‘ನನ್ನ ಹೊಲದ ಮರ ನನ್ನದು’ ಎಂಬ ನಂಬಿಕೆ ರೈತರಲ್ಲಿ ಬೇರೂರಿದ ಮೇಲೆಯೇ ಮರಗಳು ಉಳಿದವು. ಅಲ್ಲಿನ ಫೈಡರ್ಬಿಯಾ ಮರವಂತೂ ಮಳೆಗಾಲದಲ್ಲಿ ಎಲೆ ಉದುರಿಸಿ ಬೇಸಿಗೆಯಲ್ಲಿ ಚಿಗುರುತ್ತದೆ. ಹಾಗಾಗಿ ಅದು ಸಜ್ಜೆ ಮತ್ತು ಜೋಳದ ಪೈರಿಗೆ ನೆರಳು ಕವಿಸುವುದಿಲ್ಲ, ಮಣ್ಣಿಗೆ ಸಾರಜನಕವನ್ನೂ ಸೇರಿಸುತ್ತದೆ. ಕಾನೂನಿನ ಅಡ್ಡಿ ಸರಿದ ಬಳಿಕ ಅದನ್ನು ಉಳಿಸಿಕೊಳ್ಳಲು ಯಾರೂ ಉಪದೇಶ ಮಾಡಬೇಕಾಗಿರಲಿಲ್ಲ.

ನೆರೆಯ ಬುರ್ಕಿನಾ ಫಾಸೊದ ಯಾಕೂಬಾ ಸವಾಡೊಗೊ ಅವರದು ಇದಕ್ಕೆ ಪೂರಕವಾದ, ಆದರೆ ಕಹಿಯಾದ ಉದಾಹರಣೆ. ಅವರು ‘ಜಾಯಿ’ ಎಂಬ ಹಳೆಯ ಗುಂಡಿ ಪದ್ಧತಿಯನ್ನು ಸುಧಾರಿಸಿದರು. ಬೇಸಿಗೆಯಲ್ಲೇ ಗಟ್ಟಿಕಟ್ಟಿದ ನೆಲದಲ್ಲಿ ಸಣ್ಣ ಗುಂಡಿಗಳನ್ನು ತೋಡಿ ಗೊಬ್ಬರ ತುಂಬಿದರೆ ಗೆದ್ದಲು ಬಂದು ಮಣ್ಣನ್ನು ಸಡಿಲಿಸುತ್ತದೆ, ಮೊದಲ ಮಳೆ ಹರಿದುಹೋಗದೆ ಅಲ್ಲೇ ಇಂಗುತ್ತದೆ. ಬರಡು ನೆಲದಲ್ಲಿ ಧಾನ್ಯ ಬೆಳೆದುದಲ್ಲದೆ ಅವರು ಒಂದು ಕಾಡನ್ನೇ ಎಬ್ಬಿಸಿದರು. ಊಹಿಗುಯಾ ಪಟ್ಟಣ ಬೆಳೆದು ಅವರ ಭೂಮಿಯವರೆಗೆ ಬಂದಾಗ, ನಿವೇಶನಗಳಿಗಾಗಿ ಆ ಕಾಡಿನ ಒಂದು ಭಾಗವನ್ನು ಅವರು ಕಳೆದುಕೊಳ್ಳಬೇಕಾಯಿತು. 2018ರಲ್ಲಿ ಅವರಿಗೂ ರಿನಾಡೊ ಅವರಿಗೂ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಪ್ರಶಸ್ತಿಪತ್ರಕ್ಕೆ ಭೂಮಿಯ ಹಕ್ಕುಪತ್ರದ ಬಲವಿಲ್ಲ.

ಆದ್ದರಿಂದ ಯಾವುದೇ ಅರಣ್ಯ ಯೋಜನೆಯ ವರದಿ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಸಸಿಗಳ ಸಂಖ್ಯೆಯನ್ನಲ್ಲ. ಮರ ಬೆಳೆದ ಮೇಲೆ ಅದರ ಕೊಂಬೆ ಕಡಿಯುವ ಹಕ್ಕು ಯಾರಿಗಿದೆ ಎಂಬುದನ್ನು. ನೇಪಾಳದಲ್ಲಿ 1993ರ ಅರಣ್ಯ ಕಾಯಿದೆಯು ಹಳ್ಳಿಯ ಬಳಕೆದಾರರ ಗುಂಪುಗಳಿಗೆ ಈ ಹಕ್ಕನ್ನು ಕೊಟ್ಟಿತು. ಇಂದು ಅಂಥ ಗುಂಪುಗಳು 22,000ಕ್ಕೂ ಹೆಚ್ಚಿವೆ. 1992ರಲ್ಲಿ ದೇಶದ ಶೇ 26ರಷ್ಟಿದ್ದ ಅರಣ್ಯ 2016ರ ಹೊತ್ತಿಗೆ ಶೇ 45ಕ್ಕೆ ಏರಿತ್ತು. ದುಡಿಯಲು ಹೊರದೇಶಗಳಿಗೆ ಹೋದವರ ಹೊಲಗಳು ಬೀಳುಬಿದ್ದು ಕಾಡಾದದ್ದೂ ಇದರಲ್ಲಿ ಸೇರಿದೆ ಎಂಬುದು ನಿಜ, ಆದರೆ ಹಕ್ಕಿನ ಪಾತ್ರವನ್ನು ಅದು ಅಳಿಸಿಹಾಕುವುದಿಲ್ಲ.

ಉತ್ತರ: ಉಬ್ಬರರೇಖೆ

ಹಕ್ಕಿನ ಬಗ್ಗೆ ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಹಕ್ಕು ಸರಿಯಿದ್ದರೂ ಜಾಗ ತಪ್ಪಿದರೆ ಎಲ್ಲವೂ ವ್ಯರ್ಥ. ಇದಕ್ಕೆ ಕಾಂಡ್ಲಾ ಕಾಡುಗಳಷ್ಟು, ಅಂದರೆ ಮ್ಯಾಂಗ್ರೋವ್‌ಗಳಷ್ಟು ಸ್ಪಷ್ಟವಾದ ಸಾಕ್ಷ್ಯ ಬೇರೆಲ್ಲೂ ಸಿಗುವುದಿಲ್ಲ.

2004ರ ಡಿಸೆಂಬರ್ ಸುನಾಮಿಯ ನಂತರ ಶ್ರೀಲಂಕಾದ ಕರಾವಳಿಯುದ್ದಕ್ಕೂ ಮ್ಯಾಂಗ್ರೋವ್ ನೆಡುವ ಉತ್ಸಾಹ ಹಬ್ಬಿತು. ಉದ್ದೇಶದ ಬಗ್ಗೆ ಯಾರಿಗೂ ತಕರಾರಿರಲಿಲ್ಲ, ಹಣವೂ ಸಾಕಷ್ಟಿತ್ತು. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂಥ 23 ತಾಣಗಳಿಗೆ ಹೋಗಿ ನೋಡಿದಾಗ ಒಂಬತ್ತು ಕಡೆ ಒಂದು ಗಿಡವೂ ಉಳಿದಿರಲಿಲ್ಲ. ಒಟ್ಟಾರೆ ನೆಟ್ಟ ಪ್ರದೇಶದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಮಾತ್ರ ಕಾಡಾಗಿತ್ತು. ಫಿಲಿಪ್ಪೀನ್ಸ್‌ನ ಅನುಭವವೂ ಇದಕ್ಕಿಂತ ಹೆಚ್ಚು ಭಿನ್ನವಲ್ಲ.

ಕಾರಣ ಸರಳ. ಮ್ಯಾಂಗ್ರೋವ್ ಉಪ್ಪುನೀರಿನ ಮರವಾದರೂ ಸದಾ ನೀರಿನಲ್ಲಿ ಮುಳುಗಿರುವ ಮರವಲ್ಲ. ಸರಾಸರಿ ಸಮುದ್ರಮಟ್ಟಕ್ಕೂ ಅತಿ ಎತ್ತರದ ಉಬ್ಬರದ ಗೆರೆಗೂ ನಡುವಣ ಪಟ್ಟಿಯಲ್ಲಿ, ಬೇರು ದಿನಕ್ಕೆ ಹಲವು ಗಂಟೆ ಗಾಳಿಗೆ ತೆರೆದಿರುವಲ್ಲಿ ಅದು ಬೆಳೆಯುತ್ತದೆ. ಅದಕ್ಕಿಂತ ಕೆಳಗಿನ ಕೆಸರುಬಯಲಿನಲ್ಲಿ ನೆಟ್ಟರೆ ಉಸಿರುಕಟ್ಟಿ ಸಾಯುತ್ತದೆ, ಇಲ್ಲವೇ ಅಲೆಗೆ ಕಿತ್ತುಹೋಗುತ್ತದೆ. ಹೀಗಿದ್ದೂ ಎಲ್ಲರೂ ಕೆಸರುಬಯಲಿನಲ್ಲೇ ಏಕೆ ನೆಡುತ್ತಾರೆ? ಇಲ್ಲಿ ನನ್ನ ಉತ್ತರ ‘ಒಣನೆಲ’ ಅವರ ಉತ್ತರವನ್ನು ಸೇರಿಕೊಳ್ಳುತ್ತದೆ. ಮೇಲಿನ ಸರಿಯಾದ ಪಟ್ಟಿಯನ್ನು ಸೀಗಡಿ ಹೊಂಡಗಳು ಎಂದೋ ಆಕ್ರಮಿಸಿವೆ, ಅವಕ್ಕೆ ಮಾಲೀಕರಿದ್ದಾರೆ. ಕೆಳಗಿನ ಬಯಲಿಗೆ ಮಾಲೀಕರಿಲ್ಲ, ಅನುಮತಿ ಸುಲಭ, ಹೆಕ್ಟೇರ್ ಲೆಕ್ಕ ಬೇಗ ತುಂಬುತ್ತದೆ. ಎಷ್ಟೋ ಕಡೆ ಕಡಲಹುಲ್ಲಿನ ಹಾಸುಗಳ ಮೇಲೆಯೇ ಸಸಿ ಊರಿ, ಇದ್ದ ಪರಿಸರವನ್ನೂ ಕೆಡಿಸಿದ್ದಾರೆ.

ಸರಿಯಾದ ಕ್ರಮ ಇದಕ್ಕೆ ತಿರುಗುಮುರುಗು. ಫ್ಲಾರಿಡಾದ ಪರಿಸರ ವಿಜ್ಞಾನಿ ರಾಬಿನ್ ಲೂಯಿಸ್ ದಶಕಗಳ ಕಾಲ ಪ್ರತಿಪಾದಿಸಿದ್ದು ಇಷ್ಟೇ: ಮೊದಲು ನೆಲದ ಎತ್ತರವನ್ನೂ ಉಬ್ಬರದ ನೀರಿನ ಹಾದಿಯನ್ನೂ ಸರಿಪಡಿಸಿ, ಬೀಜ ತಾನೇ ತೇಲಿಬರುತ್ತದೆ, ಬರದಿದ್ದಲ್ಲಿ ಮಾತ್ರ ನೆಡಿ. ಇಂಡೋನೇಷ್ಯಾದ ದೆಮಾಕ್ ಕರಾವಳಿಯಲ್ಲಿ 2015ರಿಂದ ಇದೇ ತತ್ವದ ಮೇಲೆ ಕೆಲಸ ನಡೆಯಿತು. ಕಂಬಗಳ ನಡುವೆ ರೆಂಬೆಕೊಂಬೆಗಳನ್ನು ತುಂಬಿದ, ನೀರು ಒಳಹೊರಗೆ ಆಡುವಂಥ ತಡೆಗಳನ್ನು ಕಟ್ಟಿ, ಅಲೆಯ ರಭಸವನ್ನು ತಗ್ಗಿಸಿ, ಹೂಳು ತಂಗುವಂತೆ ಮಾಡಲಾಯಿತು. ಹೂಳು ತಂಗಿದಲ್ಲಿ ಗಿಡಗಳೂ ಬಂದವು. ಆದರೆ ಕೊಳವೆಬಾವಿಗಳಿಂದ ಅಂತರ್ಜಲವನ್ನು ಅತಿಯಾಗಿ ಎತ್ತುವ ಕಾರಣಕ್ಕೆ ಆ ಕರಾವಳಿಯ ನೆಲವೇ ವರ್ಷಕ್ಕೆ ಹಲವು ಸೆಂಟಿಮೀಟರ್ ಕುಸಿಯುತ್ತಿದೆ. ತಡೆಗಳಿಂದ ಗಳಿಸಿದ್ದನ್ನು ಕುಸಿತ ನುಂಗುತ್ತಿರುವಾಗ, ಮ್ಯಾಂಗ್ರೋವ್ ಯೋಜನೆಯ ಅಳಿವು ಉಳಿವು ಮ್ಯಾಂಗ್ರೋವ್ ತಜ್ಞರ ಕೈಯಲ್ಲಿಲ್ಲ, ನಗರದ ನೀರು ಸರಬರಾಜಿನವರ ಕೈಯಲ್ಲಿದೆ.

ನೀರಿನ ಮಾತು ಬಂದದ್ದರಿಂದ ಚೀನಾದ ಲೋಯೆಸ್ ಪ್ರಸ್ಥಭೂಮಿಯನ್ನೂ ಹೇಳಬೇಕು. ಸುಮಾರು 6.4 ಲಕ್ಷ ಚದರ ಕಿಲೋಮೀಟರ್ ವಿಸ್ತಾರದ ಈ ಮೆದುಮಣ್ಣಿನ ನಾಡು ಹಳದಿ ನದಿಗೆ ಅದರ ಬಣ್ಣವನ್ನೂ ಹೂಳನ್ನೂ ಕೊಡುವ ಪ್ರದೇಶ. 1994ರಲ್ಲಿ ವಿಶ್ವಬ್ಯಾಂಕ್ ನೆರವಿನ ಯೋಜನೆ ಆರಂಭವಾಯಿತು: ಇಳಿಜಾರುಗಳಿಗೆ ಮೆಟ್ಟಿಲು ಹೊಲ, ಕೊರಕಲುಗಳಿಗೆ ಒಡ್ಡು, ಮುಕ್ತ ಮೇಯಿಸುವಿಕೆಗೆ ನಿಷೇಧ, ನೆಲದ ಬಳಕೆಗೆ ರೈತರೊಂದಿಗೆ ದೀರ್ಘಾವಧಿ ಕರಾರು. 1999ರಿಂದ ಸರ್ಕಾರವು ಕಡಿದಾದ ಇಳಿಜಾರಿನಲ್ಲಿ ಉಳುಮೆ ಬಿಟ್ಟ ರೈತರಿಗೆ ಧಾನ್ಯವನ್ನೂ ಹಣವನ್ನೂ ಕೊಡತೊಡಗಿತು. ನೆಲ ಹಸಿರಾಯಿತು, ನದಿಯ ಹೂಳು ಅಗಾಧವಾಗಿ ಇಳಿಯಿತು. ದೊಡ್ಡ ಪ್ರಮಾಣದಲ್ಲಿ, ಮೇಲಿನಿಂದ ಯೋಜಿತವಾದ ಕೆಲಸವೂ ಫಲಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಬಲವಾದ ಉದಾಹರಣೆ ನನಗೆ ತಿಳಿದಂತೆ ಇಲ್ಲ. ಆದರೆ 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಎಚ್ಚರಿಕೆಯನ್ನೂ ಕೊಟ್ಟಿತು: ಮರಗಿಡಗಳು ಹೀರಿ ಆವಿಯಾಗಿಸುವ ನೀರು ಎಷ್ಟು ಹೆಚ್ಚಿದೆಯೆಂದರೆ, ಇನ್ನಷ್ಟು ಹಸಿರು ಸೇರಿಸಿದರೆ ಜನರ ಬಳಕೆಗೆ ನೀರು ಸಾಲದೆ ಹೋಗುವ ಮಿತಿ ಸಮೀಪಿಸಿದೆ. ಹುಲ್ಲು ಇರಬೇಕಾದಲ್ಲಿ ಮರ ನೆಟ್ಟದ್ದೂ ಇದಕ್ಕೆ ಒಂದು ಕಾರಣ. ಹಸಿರು ಹೆಚ್ಚಿದಷ್ಟೂ ಒಳ್ಳೆಯದು ಎಂಬ ಲೆಕ್ಕ ಒಣನಾಡಿಗೆ ಹೊಂದುವುದಿಲ್ಲ.

ದೂರದ ಓದುಗ

ಇಬ್ಬರಿಗೂ ಕೃತಜ್ಞತೆಗಳು. ಆದರೆ ಎರಡೂ ಉತ್ತರಗಳು ಯಾರೋ ಒಬ್ಬರ ಹೊಲ, ಯಾವುದೋ ಒಂದು ಕರಾವಳಿಯನ್ನು ಕುರಿತವು. ಗಾಳಿ, ವಾತಾವರಣ, ಒಂದು ಇಡೀ ನಗರದ ಶಕ್ತಿಬಳಕೆ ಇಂಥವುಗಳಿಗೆ ಮಾಲೀಕರೆಂದು ಯಾರನ್ನು ಹೇಳುವುದು? ಅಲ್ಲಿ ನಿಮ್ಮ ಅಳತೆಗೋಲು ಉಪಯೋಗಕ್ಕೆ ಬರುವುದೇ?

ಉತ್ತರ: ಕಾಯಿದೆ ಪುಟ

ಬರುವುದಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಕಾನೂನು, ಎಣಿಕೆ ಮತ್ತು ನಿರಂತರ ಹಣ. ಓಝೋನ್ ಪದರದ ರಕ್ಷಣೆಗಾಗಿ 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದವನ್ನು ನಾನು ಈವರೆಗಿನ ಅತ್ಯಂತ ಯಶಸ್ವಿ ಪರಿಸರ ಯೋಜನೆ ಎಂದು ಕರೆಯುತ್ತೇನೆ. ಪ್ರಪಂಚದ ಎಲ್ಲ ದೇಶಗಳೂ ಅದಕ್ಕೆ ಸಹಿ ಹಾಕಿವೆ. ಅದರ ಬಲ ಸದುದ್ದೇಶದಲ್ಲಿರಲಿಲ್ಲ, ರಚನೆಯಲ್ಲಿತ್ತು: ಪ್ರತಿ ದೇಶವೂ ವರ್ಷ ವರ್ಷ ಲೆಕ್ಕ ಒಪ್ಪಿಸಬೇಕು, ಒಪ್ಪಂದದ ಹೊರಗೆ ನಿಂತ ದೇಶದೊಂದಿಗೆ ಆ ರಾಸಾಯನಿಕಗಳ ವ್ಯಾಪಾರ ಮಾಡುವಂತಿಲ್ಲ, ಬಡ ದೇಶಗಳಿಗೆ ಗಡುವು ತಡವಾಗಿ ಬರುತ್ತದೆ ಮತ್ತು ಪರ್ಯಾಯ ತಂತ್ರಜ್ಞಾನದ ವೆಚ್ಚವನ್ನು ಸಾಮೂಹಿಕ ನಿಧಿ ಭರಿಸುತ್ತದೆ. ಅಂಟಾರ್ಕ್ಟಿಕಾದ ಮೇಲಿನ ಓಝೋನ್ 2066ರ ಸುಮಾರಿಗೆ 1980ರ ಮಟ್ಟಕ್ಕೆ ಮರಳಬಹುದೆಂದು ವಿಜ್ಞಾನಿಗಳ ಇತ್ತೀಚಿನ ಅಂದಾಜು.

ಅದಕ್ಕಿಂತ ಮುಖ್ಯವಾದುದು ಕಳ್ಳತನವನ್ನು ಹಿಡಿದ ಬಗೆ. ನಿಷೇಧಿತವಾದ ಸಿಎಫ್‌ಸಿ-11 ಎಂಬ ಅನಿಲದ ಪ್ರಮಾಣ ವಾತಾವರಣದಲ್ಲಿ ನಿರೀಕ್ಷಿಸಿದಷ್ಟು ಬೇಗ ಇಳಿಯುತ್ತಿಲ್ಲವೆಂದು 2018ರಲ್ಲಿ ಗೊತ್ತಾಯಿತು. ದಕ್ಷಿಣ ಕೊರಿಯಾ ಮತ್ತು ಜಪಾನಿನ ಮಾಪನ ಕೇಂದ್ರಗಳ ದಾಖಲೆಗಳ ನೆರವಿನಿಂದ 2019ರಲ್ಲಿ ಹೊಸ ಹೊರಸೂಸುವಿಕೆಯ ದೊಡ್ಡ ಪಾಲು ಪೂರ್ವ ಚೀನಾದಿಂದ ಬರುತ್ತಿದೆಯೆಂದು ಗುರುತಿಸಲಾಯಿತು. 2021ರ ಹೊತ್ತಿಗೆ ಅದು ತೀವ್ರವಾಗಿ ಇಳಿದಿತ್ತು. ಯಾವ ದೇಶದ ವರದಿಯನ್ನೂ ನೆಚ್ಚದೆ, ಗಾಳಿಯನ್ನೇ ಅಳೆಯುವ ಜಾಲವೊಂದು ಮೊದಲೇ ಇದ್ದುದರಿಂದ ಇದು ಸಾಧ್ಯವಾಯಿತು. ಪ್ರಶ್ನೆ ಕೇಳಿದವರು ಯಾರನ್ನು ನಂಬಬೇಕು ಎಂದು ಕೇಳಿದ್ದರಲ್ಲ, ಯೋಜನೆ ನಡೆಸುವವರ ಹಂಗಿನಲ್ಲಿಲ್ಲದ ಅಳತೆಯನ್ನು ನಂಬಬೇಕು ಎಂಬುದು ನನ್ನ ಉತ್ತರ.

ನಿರಂತರ ಹಣಕ್ಕೆ ಕೋಸ್ಟಾ ರಿಕಾ ಉದಾಹರಣೆ. 1996ರ ಅರಣ್ಯ ಕಾನೂನು ಕಾಡನ್ನು ಬೇರೆ ಬಳಕೆಗೆ ಪರಿವರ್ತಿಸುವುದನ್ನು ನಿಷೇಧಿಸಿತು; ಜೊತೆಗೇ, ಕಾಡು ಉಳಿಸಿಕೊಂಡ ಭೂಮಾಲೀಕರಿಗೆ ಇಂಧನ ತೆರಿಗೆಯ ಒಂದು ಪಾಲಿನಿಂದ ಹಣ ಕೊಡುವ ವ್ಯವಸ್ಥೆಯನ್ನು ತಂದಿತು. ದಾನಿಗಳ ಔದಾರ್ಯ ಬತ್ತಿದರೂ ಪೆಟ್ರೋಲ್ ಮಾರಾಟ ನಿಲ್ಲುವುದಿಲ್ಲವಾದ್ದರಿಂದ ಹಣ ನಿಂತಿಲ್ಲ. 1980ರ ದಶಕದಲ್ಲಿ ದೇಶದ ಕಾಲುಭಾಗದ ಆಸುಪಾಸಿಗೆ ಇಳಿದಿದ್ದ ಅರಣ್ಯ ಇಂದು ಅರ್ಧಕ್ಕಿಂತ ಹೆಚ್ಚಿದೆ. ಇದಕ್ಕೆ ಎದುರಾಗಿ ಎಕ್ವಡಾರ್‌ನ ಯಾಸುನಿ ಪ್ರಸ್ತಾವವನ್ನು ನೋಡಿ. 2007ರಲ್ಲಿ ಆ ದೇಶವು ಮಳೆಕಾಡಿನಡಿಯ ತೈಲವನ್ನು ತೆಗೆಯದೆ ಬಿಡುತ್ತೇವೆ, ಅದಕ್ಕೆ ಪ್ರತಿಯಾಗಿ ಪ್ರಪಂಚವು 360 ಕೋಟಿ ಡಾಲರ್ ಕೊಡಲಿ ಎಂದು ಕೇಳಿತು. 2013ರವರೆಗೆ ಕೈಸೇರಿದ್ದು ಸುಮಾರು 1.3 ಕೋಟಿ ಡಾಲರ್. ಪ್ರಸ್ತಾವ ಅಲ್ಲಿಗೆ ಬಿದ್ದುಹೋಯಿತು, ತೈಲ ತೆಗೆಯುವುದು ಶುರುವಾಯಿತು. ಹತ್ತು ವರ್ಷಗಳ ನಂತರ, 2023ರ ಆಗಸ್ಟ್‌ನಲ್ಲಿ, ಅಲ್ಲಿನ ಮತದಾರರೇ ಜನಮತಗಣನೆಯಲ್ಲಿ ಸುಮಾರು ಶೇ 59ರ ಬಹುಮತದಿಂದ ತೈಲವನ್ನು ನೆಲದಲ್ಲೇ ಬಿಡಬೇಕೆಂದು ತೀರ್ಮಾನಿಸಿದರು. ತೀರ್ಪಿನ ಜಾರಿ ಮಾತ್ರ ಕುಂಟುತ್ತಲೇ ಸಾಗಿದೆ.

ನಗರಗಳ ಬಗ್ಗೆ ಹೆಚ್ಚು ಹೇಳಲಾರೆ. 2025ಕ್ಕೆ ಇಂಗಾಲ ಸಮತೋಲನ (ಗಾಳಿಗೆ ಬಿಟ್ಟಷ್ಟೇ ಇಂಗಾಲವನ್ನು ಹಿಂತೆಗೆಯುವ ಸ್ಥಿತಿ) ಸಾಧಿಸುವ ಮೊದಲ ರಾಜಧಾನಿಯಾಗುತ್ತೇವೆ ಎಂದಿದ್ದ ಕೋಪನ್‌ಹೇಗನ್ 2022ರಲ್ಲಿ ಆ ಗಡುವನ್ನು ಕೈಬಿಟ್ಟಿತು, ಏಕೆಂದರೆ ಕಸದಿಂದ ಶಕ್ತಿ ತಯಾರಿಸುವ ಘಟಕದಲ್ಲಿ ಇಂಗಾಲ ಸೆರೆಹಿಡಿಯುವ ವ್ಯವಸ್ಥೆಗೆ ಹಣ ಒದಗಲಿಲ್ಲ. ಅದೇ ಡೆನ್ಮಾರ್ಕ್‌ನ ಸ್ಯಾಮ್ಸೊ ದ್ವೀಪ 1997ರಲ್ಲಿ ಆರಂಭಿಸಿ ಸುಮಾರು ಹತ್ತು ವರ್ಷಗಳಲ್ಲಿ, ನೆಲದ ಮೇಲೆ 11 ಮತ್ತು ಕಡಲಿನಲ್ಲಿ 10 ಗಾಳಿಯಂತ್ರಗಳನ್ನು ನಿಲ್ಲಿಸಿ, ತಾನು ಬಳಸುವುದಕ್ಕಿಂತ ಹೆಚ್ಚು ವಿದ್ಯುತ್ ತಯಾರಿಸತೊಡಗಿತು. ಆ ಯಂತ್ರಗಳಲ್ಲಿ ಹಲವಕ್ಕೆ ದ್ವೀಪದ ರೈತರೂ ನಿವಾಸಿಗಳೂ ಪಾಲುದಾರರು. ಈ ಒಂದು ಉದಾಹರಣೆಯನ್ನು ‘ಒಣನೆಲ’ ಅವರು ತಮ್ಮ ವಾದಕ್ಕೆ ಸೇರಿಸಿಕೊಂಡರೆ ನನ್ನ ಆಕ್ಷೇಪವಿಲ್ಲ.

ಒಣನೆಲ

ಸ್ಯಾಮ್ಸೊವನ್ನು ಸಂತೋಷದಿಂದ ಸೇರಿಸಿಕೊಳ್ಳುತ್ತೇನೆ. ಕೋಸ್ಟಾ ರಿಕಾದ ಬಗ್ಗೆ ಮಾತ್ರ ಭಿನ್ನಾಭಿಪ್ರಾಯವಿದೆ. ಅಲ್ಲಿ ಅರಣ್ಯನಾಶ ಇಳಿಯತೊಡಗಿದ್ದು 1997ರಲ್ಲಿ ಹಣ ಪಾವತಿ ಆರಂಭವಾಗುವ ಮೊದಲೇ. 1980ರ ದಶಕದಲ್ಲಿ ಗೋಮಾಂಸದ ರಫ್ತು ಬೆಲೆ ಕುಸಿದು, ದನ ಸಾಕಲು ಕಾಡು ಸವರುವುದು ಲಾಭದಾಯಕವಾಗಿ ಉಳಿದಿರಲಿಲ್ಲ. ಮೊದಲ ವರ್ಷಗಳ ಪಾವತಿಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರು, ಹಣ ಕೊಡದಿದ್ದರೂ ಬಹುಮಟ್ಟಿಗೆ ಉಳಿಯುತ್ತಿದ್ದ ಕಾಡಿಗೇ ಹಣ ಹೋಗಿದೆ ಎಂಬ ನಿರ್ಣಯಕ್ಕೆ ಬಂದರು. ಪರಿವರ್ತನೆಯ ನಿಷೇಧವನ್ನು ಭೂಮಾಲೀಕರು ಒಪ್ಪಿಕೊಳ್ಳುವಂತೆ ಮಾಡಿದ್ದು ಆ ಹಣ ಎನ್ನುವುದಾದರೆ ನಾನೂ ಒಪ್ಪುತ್ತೇನೆ; ಕಾಡು ಮರಳಿದ್ದು ಹಣದಿಂದ ಎನ್ನುವುದಾದರೆ ಒಪ್ಪಲಾರೆ.

ಇದು ಕೇವಲ ಕೋಸ್ಟಾ ರಿಕಾದ ತಕರಾರಲ್ಲ. ಯೋಜನೆ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬ ಊಹೆಯ ಮೇಲೆಯೇ ಅರಣ್ಯ ಇಂಗಾಲದ ಮಾರುಕಟ್ಟೆ ನಿಂತಿದೆ. ಕಾಡು ಇಷ್ಟು ನಾಶವಾಗುತ್ತಿತ್ತು, ನಾವು ತಡೆದೆವು, ಆದ್ದರಿಂದ ಗಾಳಿಗೆ ಸೇರದೆ ಉಳಿದ ಇಷ್ಟು ಟನ್ ಇಂಗಾಲದ ಲೆಕ್ಕವನ್ನು ಮಾರುತ್ತೇವೆ ಎಂಬುದು ಅದರ ತರ್ಕ. ಆರು ದೇಶಗಳ 26 ಅಂಥ ಯೋಜನೆಗಳನ್ನು ಅವುಗಳಂಥದೇ ಇತರ ಕಾಡುಗಳೊಂದಿಗೆ ಹೋಲಿಸಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಹೆಚ್ಚಿನವು ಅರಣ್ಯನಾಶವನ್ನು ಗಣನೀಯವಾಗಿ ತಗ್ಗಿಸಿರಲಿಲ್ಲ, ತಗ್ಗಿಸಿದವೂ ತಾವು ಹೇಳಿಕೊಂಡದ್ದಕ್ಕಿಂತ ಬಹಳ ಕಡಿಮೆ ಸಾಧಿಸಿದ್ದವು. ನಾಶದ ಅಂದಾಜನ್ನು ಎಷ್ಟು ಹಿಗ್ಗಿಸಿದರೆ ಅಷ್ಟು ಲಾಭ ಎಂಬ ವ್ಯವಸ್ಥೆಯಲ್ಲಿ ಅಂದಾಜು ಮಾಡುವವನೂ ಮಾರುವವನೂ ಒಬ್ಬನೇ ಆದಾಗ, ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ. ಕೀನ್ಯಾದ ಗಾಜಿ ಕೊಲ್ಲಿಯ ‘ಮಿಕೊಕೊ ಪಮೊಜಾ’ದಂಥ ಸಣ್ಣ ಯೋಜನೆಗಳನ್ನು ಈ ಸಾಲಿಗೆ ಸೇರಿಸಲಾರೆ, 117 ಹೆಕ್ಟೇರ್ ಮ್ಯಾಂಗ್ರೋವ್‌ನ ಇಂಗಾಲ ಮಾರಿ ಬಂದ ಹಣದಿಂದ ಅಲ್ಲಿನ ಹಳ್ಳಿಗಳಿಗೆ ಕುಡಿಯುವ ನೀರು, ಶಾಲೆಯ ಖರ್ಚು ಸಾಗುತ್ತಿದೆ, ಲೆಕ್ಕವನ್ನು ಹಳ್ಳಿಯವರೇ ನೋಡುತ್ತಾರೆ.

ದೂರದ ಓದುಗ

ಕೊನೆಯದಾಗಿ ಒಂದು ಪ್ರಶ್ನೆ. ಸ್ವತಂತ್ರ ಅಳತೆಯನ್ನು ನಂಬಬೇಕು ಎಂದಿರಿ. ವಿಜ್ಞಾನಿಯಲ್ಲದ ನನ್ನಂಥವನು ಯಾರ ಅಧ್ಯಯನಕ್ಕೂ ಕಾಯದೆ ಒಂದು ಯೋಜನೆಯನ್ನು ತಾನೇ ಪರಿಶೀಲಿಸುವುದು ಸಾಧ್ಯವೇ?

ಉತ್ತರ: ಚುಕ್ಕೆಚಿತ್ರ

ನೆಲಕ್ಕೆ ಸಂಬಂಧಿಸಿದ ಯೋಜನೆಗಳ ಮಟ್ಟಿಗೆ ಸಾಧ್ಯ. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳು 1972ರಿಂದ ತೆಗೆದ ಚಿತ್ರಗಳ ಭಂಡಾರವನ್ನು 2008ರಲ್ಲಿ ಎಲ್ಲರಿಗೂ ಉಚಿತವಾಗಿ ತೆರೆಯಲಾಯಿತು. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು 2015ರಿಂದ, 10 ಮೀಟರ್‌ನಷ್ಟು ಸೂಕ್ಷ್ಮತೆಯ ಚಿತ್ರಗಳನ್ನು ಅದೇ ರೀತಿ ಒದಗಿಸುತ್ತಿವೆ. ಜಾಲತಾಣದಲ್ಲೇ ಇವನ್ನು ತೆರೆದು ಎರಡು ವರ್ಷಗಳ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು.

ಆದರೆ ‘ಆಗ’ ಮತ್ತು ‘ಈಗ’ಗಳ ಹೋಲಿಕೆ ಒಂದೇ ಸಾಲದು. ಸಹೇಲ್‌ನಲ್ಲಿ 1980ರ ದಶಕದ ಘೋರ ಬರದ ನಂತರ ಮಳೆ ಚೇತರಿಸಿಕೊಂಡಿತು; ಹಾಗಾಗಿ ಯಾವ ಯೋಜನೆಯೂ ಇಲ್ಲದ ಕಡೆಯೂ ನೆಲ ಹಸಿರಾಗಿದೆ. ಮಳೆಯ ಪಾಲನ್ನು ಕಳೆಯಬೇಕಾದರೆ ಯೋಜನೆಯ ಗಡಿಯ ಒಳಗು ಮತ್ತು ಹೊರಗನ್ನು ಹೋಲಿಸಬೇಕು. ನೈಜರ್‌ನ ವಿಷಯದಲ್ಲಿ ಸಂಶೋಧಕರು ಮಾಡಿದ್ದು ಇದನ್ನೇ. ನೈಜರ್ ಮತ್ತು ನೈಜೀರಿಯಾದ ಗಡಿಯ ಎರಡೂ ಬದಿಯಲ್ಲಿ ಮಣ್ಣು ಒಂದೇ, ಮಳೆಯೂ ಹೆಚ್ಚುಕಡಿಮೆ ಒಂದೇ. ನೈಜೀರಿಯಾದ ಬದಿಗೆ ಮಳೆ ತುಸು ಹೆಚ್ಚೇ ಇರಬೇಕು. ಆದರೂ ಹೊಲಗಳೊಳಗಿನ ಮರಗಳು ದಟ್ಟವಾಗಿ ಕಂಡದ್ದು ನೈಜರ್ ಬದಿಯಲ್ಲಿ. ‘ಒಣನೆಲ’ ಅವರ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇಕಾಗಿಲ್ಲ.

ಮರಗಳಾಚೆಗಿನ ಯೋಜನೆಗಳಲ್ಲಿ, ಕೆಲಸ ಶುರುವಾಗುವ ಮುನ್ನವೇ ಅಳತೆ ಆರಂಭವಾಗಿತ್ತೇ ಎಂದು ನೋಡಿ. ಅಮೆರಿಕದ ಎಲ್ವಾ ನದಿಯ ಎರಡು ಅಣೆಕಟ್ಟುಗಳನ್ನು 2011ರಿಂದ 2014ರ ನಡುವೆ ಒಡೆದುಹಾಕಿದರು. ಅವುಗಳಲ್ಲೊಂದು 64 ಮೀಟರ್ ಎತ್ತರದ್ದು. ಒಡೆಯುವ ಮುನ್ನವೇ ಹೂಳು, ಮೀನು, ನದೀಮುಖದ ದಡಗಳ ದಾಖಲೆ ಸಿದ್ಧವಿತ್ತು. ಆದ್ದರಿಂದ ನಂತರದ ಪ್ರತಿ ಬದಲಾವಣೆಗೂ ಹೋಲಿಸಿ ನೋಡಲು ಆಧಾರವಿದೆ, ಸಾಲ್ಮನ್ ಮೀನಿನ ಕೆಲವು ಜಾತಿಗಳು ಬೇಗ ಚೇತರಿಸಿಕೊಂಡು ಕೆಲವು ನಿಧಾನವಾಗಿರುವುದನ್ನೂ ಮುಚ್ಚುಮರೆಯಿಲ್ಲದೆ ಹೇಳಲು ಸಾಧ್ಯವಾಗಿದೆ. 2023ರಲ್ಲಿ ಅಲ್ಲಿನ ಮೂಲನಿವಾಸಿ ಕ್ಲಾಲಮ್ ಜನರು ಕೋಹೊ ಸಾಲ್ಮನ್ ಹಿಡಿಯಲು ಸೀಮಿತ ಅವಕಾಶ ಪಡೆದದ್ದು ಆ ಎಣಿಕೆಯ ಆಧಾರದ ಮೇಲೆಯೇ.

ಉಪಗ್ರಹ ಚಿತ್ರಗಳಿಗೆ ಮಿತಿಯೂ ಇದೆ. ನೀಲಗಿರಿ ತೋಪು ಮತ್ತು ಸಹಜ ಕಾಡು ಎರಡೂ ಹಸಿರಾಗಿಯೇ ಕಾಣುತ್ತವೆ. ತೋಪಾದರೆ ಸಾಲುಗಳು ನೇರವಾಗಿರುತ್ತವೆ, ಕೆಲವು ವರ್ಷಗಳಿಗೊಮ್ಮೆ ಇಡೀ ತುಂಡು ಒಮ್ಮೆಲೇ ಬೋಳಾಗುತ್ತದೆ, ಅದನ್ನು ಗಮನಿಸಿ. ಸಹೇಲ್‌ನಂಥ ಒಣನಾಡಿನಲ್ಲಿ ಹೋಲಿಸುವಾಗ ಮಳೆಗಾಲದ ಚಿತ್ರಗಳನ್ನು ಬಿಟ್ಟು ಬೇಸಿಗೆಯ ಚಿತ್ರಗಳನ್ನು ಆರಿಸಿ. ಆಗ ಹುಲ್ಲು ಮತ್ತು ಪೈರು ಒಣಗಿರುತ್ತವೆ, ಫೈಡರ್ಬಿಯಾದಂಥ ಮರಗಳು ಮಾತ್ರ ಹಸಿರಾಗಿ ಎದ್ದು ಕಾಣುತ್ತವೆ. ಎರಡೂ ವರ್ಷಗಳ ಒಂದೇ ತಿಂಗಳ ಚಿತ್ರಗಳಿರಲಿ, ಮೋಡ ಇಲ್ಲದ ದಿನದವಾಗಿರಲಿ. ಇದೆಲ್ಲಕ್ಕೂ ಯೋಜನೆಯ ಗಡಿಯ ನಕ್ಷೆ ಕೈಯಲ್ಲಿರಬೇಕು. ವರದಿಯಲ್ಲಿ ಅದು ಇಲ್ಲದಿದ್ದರೆ ಬರೆದು ಕೇಳಿ, ಕೊಡಲು ಒಪ್ಪದವರ ಹೆಕ್ಟೇರ್ ಲೆಕ್ಕವನ್ನು ಪಟ್ಟಿಯಿಂದ ಬಿಟ್ಟುಬಿಡಿ.